ಶೇಖವ್ವನ ನವಿಲು

"ಮನ್ಯಾಗ ಆಕಳ, ನಾಯಿ ಏನರ ಅದಾವೇನ್ರಿ ಅಜ್ಜಿ? ಇದು ಉಣ್ಣಿ ಕಡದಂಗ ಕಾಣತೈತಿ." ಹಾನಗಲ್ಲಿನ ದವಾಖಾನೆಯಲ್ಲಿ ಡಾಕ್ಟರ್ ಹೇಮಾ ಮುದುಕಿಯ ಮೊಣಕೈ ಬಳಿಯ ಕಪ್ಪು ಹಕ್ಕಳೆಯನ್ನು ನೋಡುತ್ತಾ ಕೇಳಿದರು.

"ಏನೂ ಇಲ್ರಿ ಬಾಯಾರ. ಇದ್ದ ಒಂದ ಎಮ್ಮಿ ಮಾರಿ ವರ್ಷಾತು," ಎಂದಳು ಶೇಖವ್ವ. ಬೆಂಚಿನ ಕೆಳಗೆ ಅವಳ ಕಾಲು ಸೊಸೆ ಯಶೋಧರಾಳ ಪಾದವನ್ನು ಒತ್ತಿತು.

ವಾರದಿಂದ ಜ್ವರ ಇಳಿದಿರಲಿಲ್ಲ. ನಿನ್ನೆಯಿಂದ ಅಂಗೈಯಲ್ಲೂ ಕೆಂಪು ಚುಕ್ಕೆಗಳು.

ಆಕಳು, ನಾಯಿ ಇಲ್ಲವೆಂದು ಅತ್ತೆ ಹೇಳಿದ್ದು ಸುಳ್ಳಲ್ಲ. ಮನೆಯಲ್ಲಿ ಇದ್ದದ್ದು ನವಿಲು. ಗೋವಿನಜೋಳದ ಕಳೆ ತೆಗೆಯುವಾಗ ಸಿಕ್ಕ ತತ್ತಿಯನ್ನು ಸೆರಗಿನಲ್ಲಿ ತಂದು, ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ಇಟ್ಟವಳು ಶೇಖವ್ವನೇ. ಈಗ ಅದು ಹಗಲೆಲ್ಲ ಹೊಲದಲ್ಲಿ ತನ್ನ ಜಾತಿಯವುಗಳ ಜೊತೆ ಮೇಯ್ದು, ಸಂಜೆ ಮನೆಗೆ ಬರುತ್ತಿತ್ತು. ಶೇಖವ್ವ ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಕಣ್ಣಿನ ಸುತ್ತಲಿನ ಉಣ್ಣಿ ಕಿತ್ತು, ಹೇನು ಕುಕ್ಕಿದಂತೆ ಉಗುರುಗಳ ನಡುವೆ ಕುಕ್ಕುತ್ತಿದ್ದಳು. ಪಕ್ಕದಲ್ಲಿ ಮೊಮ್ಮಗಳು ಸಂಘಮಿತ್ರಾ, 'ಇಲ್ಲೊಂದೈತಿ ಅಜ್ಜಿ' ಎಂದು ತೋರಿಸುತ್ತಿದ್ದಳು. ನವಿಲು ಸಾಕಿದ್ದು ಗೊತ್ತಾದರೆ ಫಾರೆಸ್ಟಿನವರು ಮನೆಗೆ ಬರುತ್ತಾರೆ. ಮಗ ಲೋಹಿತನನ್ನು ಒಯ್ಯುತ್ತಾರೆ.

ಯಶೋಧರಾ ಪಾದ ಹಿಂದೆಗೆದುಕೊಂಡಳು. "ಬಾಯಾರ, ನವಲ ಐತ್ರಿ."

"ನವಲಂತ! ಜ್ವರ ಬಂದಾಕಿ ನಾನು, ಬಡಬಡಸಾಕತ್ತಾಕಿ ಈಕಿ ನೋಡ್ರಿ!"

ಡಾಕ್ಟರ್ ನಕ್ಕರು. "ನಾ ಜ್ವರ ನೋಡಾಕಿ ಅಜ್ಜಿ, ಫಾರೆಸ್ಟಿನಾಕಿ ಅಲ್ಲ. ಹಕ್ಕಿ ಹೊಲದಿಂದ ಹೊಲಕ್ಕ ಉಣ್ಣಿ ಹೊತ್ಕೊಂಡು ಬರ್ತೈತಿ. ಉಣ್ಣಿ ಒಳಗಿನ ರೋಗಾಣು ಮಂದಿಗೆ ಹತ್ತತೈತಿ. ಬರಿಗೈಲೆ ಕುಕ್ಕಿದ್ರಂತೂ ಮುಗೀತು."

"ಆ ಹಕ್ಕಿಗೂ ಜ್ವರ ಬರ್ತೈತೇನ್ರಿ?" ಶೇಖವ್ವ ಕೇಳಿದಳು.

"ಬಹಳ ಮಾಡಿ ಇಲ್ಲ."

"ಪುಣ್ಯಾ ಬರ್ಲಿ," ಎಂದಳು ಶೇಖವ್ವ.

"ಮನ್ಯಾಗ ಸಣ್ಣ ಹುಡುಗರು ಅದಾರೇನು?"

ಶೇಖವ್ವ ತನ್ನ ಉಗುರುಗಳನ್ನು ಸೆರಗಿಗೆ ತಿಕ್ಕತೊಡಗಿದಳು. ಡಾಕ್ಟರ್ ಗುಳಿಗೆ ಬದಲಿಸಿದರು. ಊರಿಗೆ ಮರಳುವ ತಿಳವಳ್ಳಿಯ ಬಸ್ಸಿನಲ್ಲಿ ಅತ್ತೆ ಸೊಸೆಯತ್ತ ಬೆನ್ನು ತಿರುಗಿಸಿಯೇ ಕುಳಿತಳು.

ಜ್ವರ ಬಿಟ್ಟ ಮರುದಿನ ಸಂಜೆ ನವಿಲು ಹಿತ್ತಲ ಗೋಡೆಯಿಂದ ಧುಮುಕಿತು. ಯಶೋಧರಾ ಮಗಳನ್ನು ಒಳಗೆ ಕಳಿಸಿ, ಕಸಬರಿಗೆ ಹಿಡಿದು ಹೊರಟಳು.

"ತಾ ಇಲ್ಲಿ. ಬೆಳಸಿದಾಕಿ ನಾನು," ಎಂದು ಶೇಖವ್ವ ಕಸಬರಿಗೆ ಕಸಿದುಕೊಂಡಳು.

ನವಿಲು ಎಂದಿನಂತೆ ಅವಳತ್ತ ಕೊರಳು ಚಾಚಿತು.

"ಹುಶ್! ಹೋಗ, ನಿಮ್ಮ ಮಂದಿ ಅಲ್ಲೈತಿ ನೋಡ."

ಕಸಬರಿಗೆ ನೆಲಕ್ಕೆ ಬಡಿದಾಗ ನವಿಲು ಒಂದು ಹೆಜ್ಜೆ ಹಿಂದೆ ಸರಿಯಿತು. ಆಟವೆಂದು ತಿಳಿದು ಮತ್ತೆ ಬಂತು. ಎರಡನೆಯ ಏಟು ಅದರ ಮೈಗೇ ತಾಗಿತು.

ಹಕ್ಕಿ ರೆಕ್ಕೆ ಬಡಿಯುತ್ತಾ ಬದುವಿನ ಬೇವಿನ ಮರಕ್ಕೆ ಏರಿತು. ಅಲ್ಲಿ ಕೂತಿದ್ದ ನವಿಲುಗಳು ತುಸು ಅತ್ತಿತ್ತ ಸರಿದವು. ಕೊಂಬೆ ಬಾಗಿ, ತೂಗಿ, ನಿಧಾನವಾಗಿ ನಿಂತಿತು.

"ಬರ್ರಿ ಅತ್ತಿ, ಚಾ ಆರತೈತಿ," ಎಂದು ಯಶೋಧರಾ ಕರೆದಳು.

"ಬರ್ತೇನಿ, ನಡಿ," ಎಂದ ಶೇಖವ್ವ, ಆಗಲೇ ಗುಡಿಸಿದ್ದ ಹಿತ್ತಲನ್ನು ಕತ್ತಲಾಗುವವರೆಗೂ ಗುಡಿಸುತ್ತಲೇ ಇದ್ದಳು.