ನೆಲನೆಲ್ಲಿಯ ಕ್ಯಾಪ್ಸೂಲು

ತಿಂಗಳಿಗೊಮ್ಮೆ ಬರುವ ಡಬ್ಬಿಗಳನ್ನು ಸ್ಟೀಲ್ ತಟ್ಟೆಗೆ ಸುರಿದು, ಎಷ್ಟು ಕ್ಯಾಪ್ಸೂಲು ಉಳಿದಿದೆ ಎಂದು ಎಣಿಸುವುದು ನನ್ನ ಕೆಲಸವಾಗಿತ್ತು. ಎಂ.ಎಸ್ಸಿ ಓದಿ ಮಾತ್ರೆ ಎಣಿಸುತ್ತಾಳೆ ಎಂದು ರೈಲ್ವೆಯಲ್ಲಿದ್ದ ನನ್ನ ಯಜಮಾನರು ಗೇಲಿ ಮಾಡುತ್ತಿದ್ದರು. ಆ ಎಣಿಕೆ ಕೆಟ್ಟರೆ ಇಡೀ ಪರೀಕ್ಷೆಯೇ ಹಳ್ಳ ಹಿಡಿಯುತ್ತದೆ ಎಂದು ನಾನು ಅವರ ಮೇಲೆ ರೇಗುತ್ತಿದ್ದೆ. ರೇಗುವುದು ನನಗೆ ಹುಟ್ಟಿನಿಂದ ಬಂದದ್ದು.

ಅದು ೧೯೯೯. ಚೆನ್ನೈನ ದೊಡ್ಡ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಕೃಷ್ಣಪ್ರಸಾದರ ಕೈಕೆಳಗೆ ನೆಲನೆಲ್ಲಿಯ ಪರೀಕ್ಷೆ ನಡೆಯುತ್ತಿತ್ತು. ಕಾಮಾಲೆಯಾದರೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವುದು ನಮ್ಮ ಕಡೆಯೂ ಉಂಟು. ಇಲ್ಲಿಯವರು ಕೀಳಾನೆಲ್ಲಿ ಎನ್ನುತ್ತಾರೆ. ಒಂದು ಕಂಪನಿ ಅದರ ಪುಡಿಯನ್ನು ಕ್ಯಾಪ್ಸೂಲಿಗೆ ತುಂಬಿ, ಲಿವರಿಗೆ ಒಳ್ಳೆಯ ಆಹಾರಪೂರಕ ಎಂದು ಮಾರುತ್ತಿತ್ತು. ಒಳ್ಳೆಯದು ಹೌದೋ ಅಲ್ಲವೋ ಎಂಬುದು ನಮ್ಮ ಪ್ರಶ್ನೆ. ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದ್ದೂ ಆರಾಮಾಗಿ ಓಡಾಡಿಕೊಂಡಿದ್ದ ಇನ್ನೂರು ಜನರನ್ನು ಆರಿಸಿಕೊಂಡಿದ್ದೆವು. ಅರ್ಧ ಜನಕ್ಕೆ ನೆಲನೆಲ್ಲಿ. ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ಅಳತೆಯ ಕ್ಯಾಪ್ಸೂಲಿನಲ್ಲಿ ಬರೀ ಹಿಟ್ಟು. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಗುಟ್ಟು ಮೊಹರು ಹಾಕಿದ ಲಕೋಟೆಯಲ್ಲಿತ್ತು. ಎಲ್ಲ ವಿವರಿಸಿಯೇ ಸಹಿ ಹಾಕಿಸಿಕೊಳ್ಳುತ್ತಿದ್ದೆವು, ಆದರೆ ಸಹಿ ಹಾಕಿದವರ ತಲೆಗೆ ಎಷ್ಟು ಹೋಯಿತೋ ದೇವರೇ ಬಲ್ಲ.

ದಿನಕ್ಕೆ ಮೂರರಂತೆ ತಿಂಗಳಿಗೆ ತೊಂಬತ್ತು. ಜನ ಸುಳ್ಳು ಹೇಳಿದರೂ ಡಬ್ಬಿ ಹೇಳುವುದಿಲ್ಲ. "ತಪ್ಪದೆ ತಗೊಂಡೆ ಮೇಡಂ" ಎನ್ನುವವರ ಡಬ್ಬಿಯಿಂದ ಇಪ್ಪತ್ತೋ ಮೂವತ್ತೋ ಉರುಳಿ ಬೀಳುತ್ತಿದ್ದವು. ಸದಾನಂದನ ಡಬ್ಬಿ ಮಾತ್ರ ಪ್ರತಿ ಸಲವೂ ಖಾಲಿ. ಚಾಮರಾಜನಗರದ ಕಡೆಯವನು, ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ನಾನು ಕನ್ನಡದವಳೆಂದು ಗೊತ್ತಾದ ದಿನದಿಂದ ನನ್ನನ್ನು ಅಕ್ಕ ಎಂದೇ ಕರೆಯುತ್ತಿದ್ದ. ನಾನೂ ಉಬ್ಬಿಹೋಗಿ ಉಳಿದವರೆದುರು ಅವನ ಡಬ್ಬಿ ಎತ್ತಿ ತೋರಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದೆ.

ಒಮ್ಮೆ ಮಗಳನ್ನೂ ಕರೆತಂದಿದ್ದ. ಪಾವನಾ, ಹತ್ತನೇ ಕ್ಲಾಸು. ನಾನು ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೇ ಉತ್ತರ. "ಕನ್ನಡ ಬರಲ್ವೇನೇ?" ಎಂದರೆ "ಪುರಿಯುಂ ಆಂಟಿ, ಪೇಸತ್ತಾನ್ ವರಾದು" ಎಂದು ನಕ್ಕಳು. ಅರ್ಥವಾಗುತ್ತೆ, ಮಾತಾಡೋಕೆ ಮಾತ್ರ ಬರಲ್ಲ ಎಂದು.

ಐದನೇ ತಿಂಗಳಲ್ಲಿ, ಡಬ್ಬಿ ಕೊಟ್ಟು ವಾರವೂ ಕಳೆದಿರಲಿಲ್ಲ, ಸದಾನಂದ ಮತ್ತೆ ಬಂದ. "ಬಸ್ಸಲ್ಲಿ ನೂಕಾಟ ಅಕ್ಕ. ಡಬ್ಬಿ ಬಿದ್ದು ಚಕ್ರದಡೀಕೆ ಹೋಯ್ತು. ಇನ್ನೊಂದ್ ಕೊಡ್ರಕ್ಕ." ಕಳೆದ ಡಬ್ಬಿಗೆ ಬದಲಿ ಕೊಡಬೇಕಾದರೆ ಡಾಕ್ಟರರ ಒಪ್ಪಿಗೆ ಬೇಕು; ಡಾಕ್ಟರರು ನೂರು ಪ್ರಶ್ನೆ ಕೇಳುತ್ತಾರೆ. ಬೇರೆಯವರಾಗಿದ್ದರೆ ಕಾಯಿಸುತ್ತಿದ್ದೆ. ನಮ್ಮವನು, ಒಂದು ದಿನವೂ ತಪ್ಪಿಸದವನು ಎಂದು ಬೀರು ತೆಗೆದು ಅವನ ಸಂಖ್ಯೆಯ ಇನ್ನೊಂದು ಡಬ್ಬಿ ಕೊಟ್ಟುಬಿಟ್ಟೆ.

ತಿಂಗಳ ಕೊನೆಗೆ ಬಂದ. ಟೋಪಿ ಹಾಕಿಕೊಂಡಿದ್ದ. ಡಬ್ಬಿ ಬೋರಲು ಹಾಕಿದೆ, ತಟ್ಟೆಗೆ ಒಂದೂ ಬೀಳಲಿಲ್ಲ. ತಡವಾಗಿ ಕೊಟ್ಟ ಡಬ್ಬಿಯಲ್ಲಿ ಹತ್ತು ಹದಿನೈದಾದರೂ ಉಳಿಯಬೇಕಿತ್ತು ಎಂದು ನನಗೆ ಹೊಳೆಯಲೇ ಇಲ್ಲ. "ಶಭಾಷ್ ಸದಾನಂದ್ರೇ" ಎಂದೆ. ಅವನು ಟೋಪಿ ತೆಗೆದ. ತಲೆ ಬೋಳಿಸಿತ್ತು. "ಓಹೋ, ತಿರುಪತಿಗೆ ಹೋಗಿದ್ರಾ? ಲಾಡು ಎಲ್ಲಿ?" ಎಂದು ಹಲ್ಲು ಕಿರಿದೆ. ಆ ಮಾತನ್ನಾಡಿದ ನಾಲಿಗೆ ಬಿದ್ದುಹೋಗಬಾರದಿತ್ತೆ ಎಂದು ಇವತ್ತಿಗೂ ಅನಿಸುತ್ತದೆ.

"ಪಾವನಾ ಹೋಗ್ಬುಟ್ಲು ಅಕ್ಕ."

ಮಗಳ ಕಣ್ಣು ಹಳದಿಯಾಗಿತ್ತಂತೆ. ಬೀದಿಯಲ್ಲಿ ಸಿಗುವ ಸೊಪ್ಪಿಗಿಂತ ದೊಡ್ಡಾಸ್ಪತ್ರೆಯ ನೆಲನೆಲ್ಲಿ ಮೇಲು ಎಂದು, ತಾನು ತಿನ್ನುವುದನ್ನು ಬಿಟ್ಟು ತನ್ನ ಡಬ್ಬಿಯನ್ನು ಅವಳಿಗೆ ಕೊಟ್ಟ. ಮೂರರ ಬದಲು ಒಂಬತ್ತು ಮಾಡಿದ. ಅದು ಸಾಲದೆಂದು ಬಸ್ಸಿನ ಕತೆ ಕಟ್ಟಿ ನನ್ನಿಂದ ಇನ್ನೊಂದು ಡಬ್ಬಿ ತೆಗೆದುಕೊಂಡು ಹೋದ. ಡಾಕ್ಟರಿಗೆ ತೋರಿಸೋಣ ಎಂದು ಹೆಂಡತಿ ಮಾಧವಿ ದಿನಾ ಗೋಗರೆದಳು. "ಅಲ್ಲಿಗೋದ್ರೂ ಇದನ್ನೇ ತಾನೇ ಕೊಡೋದು ಅಂದೆ ಅಕ್ಕ." ಮೂರನೇ ವಾರ ಹುಡುಗಿ ತಡಬಡ ಮಾತಾಡತೊಡಗಿದಳು, ಎಬ್ಬಿಸಿದರೆ ಏಳಲಿಲ್ಲ. ಆಟೋದಲ್ಲಿ ಹಾಕಿಕೊಂಡು ಬಂದರು. ಮಾರನೆಯ ದಿನ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಹೋಗಿಬಿಟ್ಟಳು. ನಾನು ಕೆಳಗೆ ತಟ್ಟೆ ಹಿಡಿದು ಕೂತಿದ್ದೆ.

ಡಾಕ್ಟರ್ ಕೃಷ್ಣಪ್ರಸಾದರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಕೂಗಾಡಲಿಲ್ಲ. ಹಾಳೆ ತರಿಸಿ, ನಡೆದದ್ದನ್ನೆಲ್ಲ ನನ್ನ ಕೈಯಿಂದಲೇ ಬರೆಸಿ, ಸದಾನಂದನಿಗೆ ಕ್ಯಾಪ್ಸೂಲು ನಿಲ್ಲಿಸಿದರು. ಕೆಲಸದಿಂದ ತೆಗೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುವರ್ಷ ಲಕೋಟೆ ಒಡೆದೆವು. ನೆಲನೆಲ್ಲಿ ತಿಂದ ನೂರು ಜನ, ಹಿಟ್ಟು ತಿಂದ ನೂರು ಜನ, ಎರಡೂ ಗುಂಪಿನವರ ರಕ್ತದಲ್ಲಿ ವೈರಸ್ ಇದ್ದ ಹಾಗೇ ಇತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸದಾನಂದನ ಸಂಖ್ಯೆಯ ಮುಂದೆ ಹಿಟ್ಟು ಎಂದಿತ್ತು.

ಅದೇ ವಾರ ಅವನು ಬಂದ. ಮಾಧವಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದ. ಬಾಗಿಲಿಂದಲೇ ಕಾಣುತ್ತಿತ್ತು, ಅವಳ ಕಣ್ಣು ಅರಿಶಿನ ಬಳಿದ ಹಾಗಿತ್ತು.

"ಲಕೋಟೆ ಒಡದ್ರಂತಲ್ಲ. ನಂದ್ಯಾವ್ದು ಅಕ್ಕ?"

"ಹಿಟ್ಟು."

ಅವನ ಮುಖ ಸಡಿಲವಾಯಿತು. ಸಮಾಧಾನವೆಂದರೆ ಸಮಾಧಾನವೇ, ಸುಳ್ಳಲ್ಲ. "ಅಂದ್ಕಂಡಿದ್ದೆ. ನಿಜವಾದ್ದು ಸಿಕ್ಕಿದ್ರೆ ಮಗು ಉಳ್ಕತಿತ್ತು. ನನ್ನ ಹಣೇಬರ, ಹಿಟ್ಟು ಬಂತು. ಈಗ ಇವಳಿಗಾದ್ರೂ ನಿಜವಾದ್ದು ಕೊಡ್ರಕ್ಕ. ಇಲ್ಲಾಂದ್ರೆ ಬುಡಿ, ಪುರಸೈವಾಕ್ಕದ ಅಂಗಡೀಲಿ ಡಬ್ಬಿ ಸಿಗ್ತದಂತೆ, ಹಂಗೇ ತಗೊಂಡೋಗ್ತೀನಿ."

ಹಣೆಬರಹ ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಅವನು ಇಷ್ಟು ದಿನ ಉಸಿರಾಡುತ್ತಿದ್ದ. ಅದನ್ನು ಕಿತ್ತುಕೊಳ್ಳಲು ನನಗೆ ಕೈ ಬರಲಿಲ್ಲ. ಆದರೆ ಸುಮ್ಮನಿದ್ದರೆ ಅವನು ಮಾಧವಿಯನ್ನು ಎಬ್ಬಿಸಿಕೊಂಡು ಅಂಗಡಿಗೆ ಹೋಗುತ್ತಿದ್ದ.

"ನಿಜವಾದ್ದು ತಿಂದವರಿಗೂ ಏನೂ ಆಗ್ಲಿಲ್ಲ, ಸದಾನಂದ್ರೇ. ನೂರು ಜನ ತಿಂದ್ರು. ಅದೂ ಒಂದೇ, ಹಿಟ್ಟೂ ಒಂದೇ. ಮೊದಲು ಮಾಧವೀನ ಅಡ್ಮಿಟ್ ಮಾಡಿ."

ಅವನು ಮೇಜಿನ ಅಂಚು ಹಿಡಿದುಕೊಂಡ. "ಅಂಗಾರೆ... ಅವತ್ತೇ ಇಲ್ಲಿಗೆ ಕರ್ಕಬಂದಿದ್ರೆ?"

"ಹೇಳೋಕಾಗಲ್ಲ. ಒಂದು ದಾರಿ ಇರ್ತಿತ್ತು." ಸುಳ್ಳು ಹೇಳಲು ಬಾಯಿ ತೆರೆದೆ, ಹೊರಬಿದ್ದದ್ದು ಮಾತ್ರ ನಿಜ. "ಎರಡನೇ ಡಬ್ಬಿ ಕೊಟ್ಟವಳು ನಾನು" ಎಂದೂ ಸೇರಿಸಿದೆ. ಅದು ಅವನಿಗೆ ಕೇಳಿಸಿತೋ ಇಲ್ಲವೋ. ಹೊರಗೆ ಹೋಗಿ ಮಾಧವಿಯ ಕೈ ಹಿಡಿದು, ಮೆಟ್ಟಿಲ ಮೇಲೆ ನಿಲ್ಲಿಸಿ ನಿಲ್ಲಿಸಿ ವಾರ್ಡಿಗೆ ಕರೆದುಕೊಂಡು ಹೋದ.

ಮಾಧವಿಗೆ ವಾಸಿಯಾಯಿತು. ಮೊದಲು ವಾಂತಿ ನಿಂತಿತು, ಆಮೇಲೆ ಇಡ್ಲಿ ತಿಂದಳು, ಆಮೇಲೆ ಕಣ್ಣು ಬೆಳ್ಳಗಾದವು. ಒಂದೊಂದು ದಿನವೂ ಅವಳು ಚೇತರಿಸಿಕೊಂಡ ಹಾಗೆ ಸದಾನಂದ ಕುಗ್ಗುತ್ತಾ ಬಂದ. ಇಪ್ಪತ್ತನೇ ದಿನ ಮನೆಗೆ ಕಳಿಸಿದಾಗ ವಾರ್ಡಿನಲ್ಲಿ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಸಂತೋಷಕ್ಕೆ ಅಳುತ್ತಿದ್ದಾನೆ ಎಂದು ನರ್ಸುಗಳು ಅವನ ಬೆನ್ನು ತಟ್ಟಿದರು.

ನಾನು ಬಸ್ ಸ್ಟಾಪಿನವರೆಗೂ ಅವರ ಹಿಂದೆ ಓಡಿದೆ. ಅವನಿಗೆ ಹೇಳಬೇಕಾದ ಒಂದು ಮಾತು ನನ್ನಲ್ಲಿತ್ತು, ಅದು ಸುಳ್ಳೂ ಆಗಿರಲಿಲ್ಲ. ಈ ಕಾಯಿಲೆ ಬಹಳ ಜನರಿಗೆ ತಾನಾಗಿಯೇ ಇಳಿಯುತ್ತದೆ. ಅದಕ್ಕೇ ನೆಲನೆಲ್ಲಿಗೆ ಅಷ್ಟು ಹೆಸರು. ಮಾಧವಿ ಉಳಿದಳೆಂದ ಮಾತ್ರಕ್ಕೆ, ಬೇಗ ಕರೆತಂದಿದ್ದರೆ ಪಾವನಾ ಉಳಿಯುತ್ತಿದ್ದಳು ಎಂದು ಯಾರೂ ಹೇಳುವ ಹಾಗಿಲ್ಲ. ಏದುಸಿರು ಬಿಡುತ್ತಲೇ ಇಷ್ಟನ್ನೂ ಹೇಳಿದೆ.

"ಒಬ್ಬರನ್ನ ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ, ಸದಾನಂದ್ರೇ. ನೂರಾರು ಜನರನ್ನ ನೋಡ್ಬೇಕು."

ಸದಾನಂದ ತಾಳ್ಮೆಯಿಂದ ಕೇಳಿಸಿಕೊಂಡ. ಅಂಬತ್ತೂರಿನ ಬಸ್ಸು ಬಂತು. ಮಾಧವಿಯನ್ನು ಮೊದಲು ಹತ್ತಿಸಿದ.

"ನಂಗಿದ್ದಿದ್ದೇ ಒಬ್ಳು ಅಕ್ಕ" ಎಂದು ತಾನೂ ಹತ್ತಿಕೊಂಡ.