ಟೇಪು ಸುತ್ತಿದ ಗ್ಯಾಸ್ ಪೈಪು

ಮಳೆಗಾಲ ಬಂತೆಂದರೆ ಗಂಗೊಳ್ಳಿಯಲ್ಲಿ ಬೋಟುಗಳು ದಡ ಹತ್ತುತ್ತವೆ. ತುಕ್ಕು ಹಿಡಿದ ತಗಡು ಕತ್ತರಿಸಿ ಹೊಸದು ಕೂರಿಸಲು ಎಲ್ಲರಿಗೂ ವೆಲ್ಡರ್ ಬೇಕು, ಎಲ್ಲರಿಗೂ ಇವತ್ತೇ ಬೇಕು. ಲೀಲಾಧರನಿಗೆ ಆಗ ಕೂತು ಚಾ ಕುಡಿಯಲೂ ಪುರಸೊತ್ತಿರುವುದಿಲ್ಲ.

ಅಂದು ಅವನು ತಂಗಿಯ ಗಂಡ ಐತ ದುಡಿಯುವ ಬೋಟಿನಲ್ಲೇ ಕೆಲಸಕ್ಕಿದ್ದ. ಅಸಿಟಿಲಿನ್ ಮತ್ತು ಆಕ್ಸಿಜನ್ ಸಿಲಿಂಡರುಗಳು ಮೇಲೆ ಡೆಕ್ಕಿನಲ್ಲಿ. ಅಲ್ಲಿಂದ ಎರಡು ಪೈಪು ಕೆಳಗೆ ಇಂಜಿನ್ ಕೋಣೆಗೆ, ಬೆಂಕಿ ಉಗುಳಿ ತಗಡು ಕತ್ತರಿಸುವ ಟಾರ್ಚಿಗೆ. ಮುಂಬೈಯ ಹಡಗುಕಟ್ಟೆಯಲ್ಲಿ ಬಹುಕಾಲ ವೆಲ್ಡಿಂಗ್ ಮಾಡಿ ಊರಿಗೆ ಮರಳಿದ್ದ ಗೆಳೆಯ ಪ್ರೇಮಾನಂದ ಕೆಳಗೆ ಇಳಿದು ಬಂದವನು ಟಾರ್ಚಿನ ಬಳಿ ಅಸಿಟಿಲಿನ್ ಪೈಪನ್ನು ಕೈಗೆತ್ತಿಕೊಂಡ.

"ಹ್ವಾಯ್ ಲೀಲ, ಇದೆಂತ ಮಾರಾಯ? ಪೈಪ್ ಒಡ್ದದ್ದಕ್ಕೆ ಟೇಪ್ ಸುತ್ತಿದ್ಯಲೆ!"

"ಸುತ್ತಿ ಎರಡ್ ವರ್ಷ ಆಯ್ತ್. ಎಂತದೂ ಆಯ್ಲಿಲ್ಲ."

"ಈ ಗ್ಯಾಸಿಗೆ ಒಂದ್ ಸಣ್ಣ ಕಿಡಿ ಸಾಕ್. ಪೈಪ್ ಬದಲ್ಸ್. ಊಟಕ್ಕೆ ಹೋಪತಿಗೆ ಸಿಲಿಂಡರಿನ ವಾಲ್ವ್ ಬಂದ್ ಮಾಡಿ, ಟಾರ್ಚ್ ಮೇಲೆ ತಂದ್ ಇಡ್."

"ನಂಗೆ ಹೇಳಿ ಕೊಡ್ತ್ಯಾ? ಇಪ್ಪತ್ ವರ್ಷ ಆಯ್ತ್ ನಾನ್ ಈ ಕೆಲ್ಸಕ್ಕೆ ಬಂದ್."

ಲೀಲಾಧರ ನಕ್ಕುಬಿಟ್ಟ. ಪ್ರೇಮಾನಂದ ತಲೆ ಕೊಡವಿ ಪಕ್ಕದ ಬೋಟಿನವರ ಹತ್ತಿರ ಮಾತಿಗೆ ನಡೆದ.

ಮಧ್ಯಾಹ್ನ ಲೀಲಾಧರ ಟಾರ್ಚಿನ ತಿರುಪನ್ನಷ್ಟೇ ಮುಚ್ಚಿ, ಅದನ್ನು ಕೆಳಗೇ ಬಿಟ್ಟು, ಐತನ ಜೊತೆ ಊಟಕ್ಕೆ ಹೋದ. ಮರಳಿ ಬಂದಾಗ ಇಂಜಿನ್ ಕೋಣೆಯ ಬಾಯಲ್ಲಿ ಬೆಳ್ಳುಳ್ಳಿಯಂಥ ವಾಸನೆ. ಯಾರದೋ ಬುತ್ತಿ ಇರಬೇಕು ಅಂದುಕೊಂಡ. ಐತ ಬಾಯಲ್ಲಿ ಬೀಡಿ ಕಚ್ಚಿಕೊಂಡು, ಸ್ಪ್ಯಾನರ್ ತರಲು ಏಣಿ ಇಳಿದ. ಕೆಳಗೆ ಬೆಂಕಿಕಡ್ಡಿ ಗೀರಿದ ಸದ್ದು.

ಢಮಾರ್!

ಡೆಕ್ಕು ಕಾಲಡಿಯಲ್ಲಿ ನೆಗೆಯಿತು. ಲೀಲಾಧರ ಹಗ್ಗದ ರಾಶಿಯ ಮೇಲೆ ಹೋಗಿ ಬಿದ್ದ. ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟರೆ ಬೇರೇನೂ ಇಲ್ಲ. ಹೊಗೆಯೊಳಗಿಂದ ಐತ ತಡವುತ್ತಾ ಏಣಿ ಹತ್ತಿ ಬಂದ. ಹುಬ್ಬಿಲ್ಲ, ರೆಪ್ಪೆಯಿಲ್ಲ. ಕೈಗಳ ಚರ್ಮ ಸುಲಿದು ನೇತಾಡುತ್ತಿತ್ತು.

"ಭಾವ... ನಂಗೆ ಕಣ್ ಕಾಂತಿಲ್ಲ."

ಲೀಲಾಧರನಿಗೆ ಎದ್ದು ಹಿಡಿದುಕೊಳ್ಳಬೇಕು ಅನ್ನಿಸಿತು. ಕಾಲು ಅಲುಗಲಿಲ್ಲ. ಓಡಿಬಂದ ಪ್ರೇಮಾನಂದನೇ ಎರಡೂ ವಾಲ್ವು ಮುಚ್ಚಿದ, ಐತನ ಮೈಮೇಲೆ ತಣ್ಣೀರು ಸುರಿದ, ಕುಂದಾಪುರದ ಆಸ್ಪತ್ರೆಗೆ ಸಾಗಿಸಿದ.

ಅಲ್ಲಿ ತಂಗಿ ಸೀತು ಅಳಲಿಲ್ಲ. ಅಣ್ಣನ ಮುಂದೆ ಬಂದು ನಿಂತು ಒಂದೇ ಮಾತು ಕೇಳಿದಳು.

"ಅಣ್ಣ, ಊಟಕ್ಕೆ ಹೋಪತಿಗೆ ಗ್ಯಾಸ್ ಬಂದ್ ಮಾಡಿದ್ಯಾ ನೀನ್?"



"ಇಲ್ಲ."

ಸೀತು ಗೋಡೆ ಹಿಡಿದು ಹಾಗೆಯೇ ನೆಲಕ್ಕೆ ಕುಸಿದಳು.

ಮರುದಿನ ಪ್ರೇಮಾನಂದ ಆ ಪೈಪನ್ನು ಬಯಲಿಗೆ ತಂದು, ಗ್ಯಾಸ್ ಸ್ವಲ್ಪವೇ ಬಿಟ್ಟು, ಸಾಬೂನು ನೀರು ಹಚ್ಚಿದ. ಟೇಪಿನ ಅಂಚಿನುದ್ದಕ್ಕೂ ಬುಳುಬುಳು ಗುಳ್ಳೆ ಎದ್ದವು.

ಲೀಲಾಧರ ಗುಳ್ಳೆಗಳ ಮೇಲೆ ಬಾಗಿದ. "ಇಷ್ಟ್ ದಿನ ನಾನ್ ಇದ್ರ ಹತ್ರವೇ ಕೂಕಂಡ್ ಕೆಲ್ಸ ಮಾಡಿದ್ದಾ?"

"ಹೌದ್. ಬಯಲಿನಗೆ ಗಾಳಿ ಹೊತ್ಕಂಡ್ ಹೋಯ್ತಿತ್ತ್. ಇಂಜಿನ್ ಕೋಣೆಯಗೆ ಅದ್ ಹೋಪುದೆಲ್ಲಿಗೆ?"

ಲೀಲಾಧರ ಆ ಪೈಪನ್ನು ತಾನೇ ತುಂಡುತುಂಡು ಮಾಡಿದ. ಹೊಸ ಪೈಪು ಬಂತು. ಬೆಂಕಿ ಪೈಪಿನೊಳಗೆ ಹಿಂದಕ್ಕೆ ಓಡದಂತೆ ತಡೆಯುವ ಅರೆಸ್ಟರ್ ಕೂಡ ಬಂತು. ಐತನಿಗೆ ಒಂದು ಕಣ್ಣಿನ ದೃಷ್ಟಿ ಮರಳಿದೆ. ಬೆರಳು ಮಡಚುವುದಿಲ್ಲ. ಅನ್ನ ಕಲಸಿ ಸೀತುವೇ ಉಣಿಸುತ್ತಾಳೆ. ಲೀಲಾಧರ ಈಗ ಬೋಟಿಂದ ಬೋಟಿಗೆ ಹೋಗಿ, ತನ್ನ ತಪ್ಪನ್ನು ತಾನೇ ಹೇಳಿಕೊಂಡು, ಉಳಿದವರ ಪೈಪು ನೋಡಿ ಬರುತ್ತಾನೆ.

ಗ್ಯಾಸ್ ವೆಲ್ಡಿಂಗ್ ಮಾಡುವ ಅಣ್ಣಂದಿರೇ, ನಿಮ್ಮ ಪೈಪಿಗೆ ಇವತ್ತೇ ಸಾಬೂನು ನೀರು ಹಚ್ಚಿ ನೋಡಿ. ಗುಳ್ಳೆ ಎದ್ದರೆ ಟೇಪು ಸುತ್ತಬೇಡಿ, ಪೈಪನ್ನೇ ಬದಲಿಸಿ. ಸಿಲಿಂಡರನ್ನು ಮಲಗಿಸಬೇಡಿ, ನೆಟ್ಟಗೆ ನಿಲ್ಲಿಸಿ ಸರಪಳಿ ಕಟ್ಟಿ. ಬೆಳ್ಳುಳ್ಳಿಯಂಥ ವಾಸನೆ ಬಂದರೆ ಬೆಂಕಿ ಬೇಡ, ಸ್ವಿಚ್ಚೂ ಮುಟ್ಟಬೇಡಿ, ಎಲ್ಲರೂ ಹೊರಗೆ ಬನ್ನಿ. ಕೆಲಸ ಎಷ್ಟೇ ಅವಸರದ್ದಿರಲಿ, ವಾಲ್ವು ಮುಚ್ಚಲು ಅರ್ಧ ನಿಮಿಷ ಸಾಕು. ಮುಚ್ಚಿಯೇ ಏಳಿ.