ಓಗೊಡದ ಅಕ್ಕ

ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದ ಪುಣ್ಯಾತ್ಮ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಂತೂ ದುಡಿದವನಲ್ಲ. ಈ ಕಾರ್ಖಾನೆಯ ಒಣಗಿಸುವ ಯಂತ್ರ ಒಳಗೊಬ್ಬರು ಕೂರುವಷ್ಟು ದೊಡ್ಡದು. ಹಳೆಯದು ಬೇರೆ, ಬಾಗಿಲು ತೆರೆದಿದ್ದರೂ ತಿರುಗುತ್ತದೆ. ಅದರ ಗುಂಡಿ ಇರುವುದು ಗೋಡೆಯಾಚೆ. ಅದಕ್ಕೇ ಅಲ್ಲೊಂದು ಕಟ್ಟುಪಾಡು: ಗುಂಡಿ ಒತ್ತುವವಳು ಮೊದಲು ಕೂಗಬೇಕು, ಒಳಗೆ ಗುಡಿಸುವವಳು ಈಚೆ ಬಂದು 'ಹೊರಗಿದ್ದೀನಿ' ಅನ್ನಬೇಕು. ಆ ಮಾತು ಅವಳ ಬಾಯಿಂದಲೇ ಬರಬೇಕು.

ಗುಡಿಸುವವಳು ಒಂದು ಮನೆಯ ಹಿರೀ ಸೊಸೆ. ಗುಂಡಿ ಒತ್ತುವವಳು ಅವಳ ಓರಗಿತ್ತಿ, ಅಂದರೆ ಮೈದುನನ ಹೆಂಡತಿ. ವಾರದಿಂದ ಇಬ್ಬರಿಗೂ ಮಾತಿಲ್ಲ. ನೆಂಟರ ಮುಂದೆ ಹಿರಿಯವಳು, "ನಮ್ಮ ಚಿಕ್ಕವಳಿಗೆ ಉಪ್ಪಿನ ಅಂದಾಜೇ ಇಲ್ಲ" ಅಂದಿದ್ದಳು. ಚಿಕ್ಕವಳು ಸುಮ್ಮನಿರಬೇಕೋ ಬೇಡವೋ? "ಇವತ್ತಿನ ಅಡುಗೆ ನಿಮ್ದೇ ಅಲ್ವಾ ಅಕ್ಕ?" ಅಂದುಬಿಟ್ಟಳು. ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು, ಹಿರಿಯವಳ ಮುಖ ಹುಳ್ಳಗಾಯಿತು. ಎದುರುತ್ತರ ಕೊಡುವವಳ ಜೊತೆ ಇನ್ನು ಮಾತಿಲ್ಲ ಎಂದು ಅವತ್ತೇ ಶಪಥ ತೊಟ್ಟಳು.

ಆ ಬೆಳಿಗ್ಗೆ ಅವಳು ಯಂತ್ರದೊಳಗೆ ಕುಕ್ಕರುಗಾಲಲ್ಲಿ ಕೂತು ನೂಲಿನ ಧೂಳು ಬಳಿಯುತ್ತಿದ್ದಳು. ಗೋಡೆಯಾಚೆಯಿಂದ ಓರಗಿತ್ತಿಯ ಕೂಗು ಬಂತು. "ಅಕ್ಕಾ, ಹೊರಗಿದ್ದೀರಾ?"

ಕೂಗಲಿ, ಇನ್ನೊಂದು ಸಲ ಕೂಗಲಿ, ನಂಗೇನು ಅಂದುಕೊಂಡು ಹಿರಿಯವಳು ಬಾಯಿ ಬಿಗಿದಳು. ಅಷ್ಟರಲ್ಲಿ ಸೂಪರ್‌ವೈಸರ್ ದನಿ ಕೇಳಿಸಿತು. "ಅವಳು ಆಗಲೇ ಟೀ ಕುಡಿಯೋಕೆ ಹೋಗಿರ್ತಾಳೆ. ಒತ್ತು."

ಹಿರಿಯವಳಿಗೆ ಆಗ ಅಪಾಯ ಹೊಳೆಯಿತು. ಕೂಗಲು ಬಾಯಿ ತೆರೆದರೆ ಧೂಳು ಗಂಟಲಿಗಿಳಿದು ದನಿಯೇ ಹೊರಡಲಿಲ್ಲ. ಏಳಲು ಹೋದರೆ ನುಣ್ಣನೆಯ ತಗಡಿನ ಮೇಲೆ ಕಾಲು ಜಾರಿತು. ಮನೆಯಲ್ಲಿರುವ ಮಗಳ ಮುಖ ಕಣ್ಣ ಮುಂದೆ ಬಂತು.

"ಅಕ್ಕ ಓಗೊಟ್ಟಿಲ್ಲ ಸಾರ್. ನಾನು ಒತ್ತಲ್ಲ."

"ನಂಗೇ ಎದುರು ಮಾತಾಡ್ತೀಯಾ?"

"ಹೂಂ, ಮಾತಾಡ್ತೀನಿ. ಅವರ ಬಾಯಿಂದ ಬರೋ ತನಕ ಒತ್ತಲ್ಲ ಅಂದ್ರೆ ಒತ್ತಲ್ಲ."

"ನಿಮ್ಮಿಬ್ಬರಿಗೂ ಮಾತಿಲ್ಲ ಅಂತ ಊರಿಗೇ ಗೊತ್ತು. ಅವಳು ನಿಂಗೆ ಎಲ್ಲಿ ಓ ಅಂತಾಳೆ?"

"ಹಾಗಾದ್ರೆ ನಾನೇ ಹೋಗಿ ನೋಡ್ತೀನಿ."

ದಡದಡ ಹೆಜ್ಜೆ ಸದ್ದಾಯಿತು. ಎರಡು ಕೈ ಒಳಗೆ ಬಂದು ಹಿರಿಯವಳ ರಟ್ಟೆ ಹಿಡಿದು ಈಚೆಗೆಳೆದವು. ಎಂಥ ಕೈಗಳು, ದೇವರೇ ಬಂದ ಹಾಗಾಯಿತು ಅವಳಿಗೆ.

ಹಿಂದೆಯೇ ಬಂದ ಸೂಪರ್‌ವೈಸರ್ ಬೆವರೊರೆಸಿಕೊಂಡು, "ಕೂಗಿದ್ದು ಕೇಳಿಸಲಿಲ್ವಾ?" ಅಂದ. ಇಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅವಳ ಮರ್ಯಾದೆಯೂ ಉಳಿಯುತ್ತಿತ್ತು.

"ಕೇಳಿಸ್ತು," ಅಂದಳು ಹಿರಿಯವಳು, ಕೆಮ್ಮುತ್ತಾ. "ಬೇಕಂತಲೇ ಸುಮ್ಮನಿದ್ದೆ. ನನ್ನ ಜಂಬ ನನ್ನನ್ನೇ ತಿಂದುಹಾಕ್ತಿತ್ತು. ಇವಳ ಬಾಯಿಂದ ಬದುಕಿದೆ."

ಮಾತಿಗೆ ಮಾತು ಪೋಣಿಸುವ ಚಿಕ್ಕವಳು ತುಟಿ ಎರಡು ಮಾಡಲಿಲ್ಲ. ಅಕ್ಕನ ತಲೆಗೂದಲಿನ ಧೂಳು ಕೊಡವುತ್ತಲೇ ಇದ್ದಳು.

"ಏನಾದ್ರೂ ಅನ್ನೇ ತಾಯಿ. ನೀನು ಸುಮ್ಮನಿದ್ರೆ ನಂಗೆ ಭಯ ಆಗುತ್ತೆ."

"ಓ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಕ್ಕ?" ಅಂದವಳೇ ಚಿಕ್ಕವಳು ಬಿಕ್ಕಿ ಬಿಕ್ಕಿ ಅತ್ತಳು.

ಹಿರಿಯವಳು ಅವಳನ್ನು ತಬ್ಬಿಕೊಂಡಳು. "ಬೈಯಿ, ಇನ್ನೂ ಬೈಯಿ. ಕೇಳೋಕೆ ನಾನಿದ್ದೀನಲ್ಲ."